ಅಲ್ಲಾಳಸಂದ್ರದ ನೀರು, ಅವಳ ತಲೆಗೂದಲು

ಮಗಳನ್ನೋ ತಂಗಿಯನ್ನೋ ಮದುವೆ ಮಾಡಿ ಬೆಂಗಳೂರಿಗೆ ಕಳುಹಿಸಿದವರು ನಿಮ್ಮಲ್ಲಿ ಅನೇಕರಿರಬಹುದು. ಅಲ್ಲಿಂದ ಬರುವ ಮೊದಲ ಫೋನಿನಲ್ಲಿ ಬಾಡಿಗೆ ಮನೆಯ ವರ್ಣನೆ ಇರುತ್ತದೆ. ಎರಡನೆಯದರಲ್ಲಿ ತರಕಾರಿಯ ರೇಟು. ಮೂರನೆಯ ಫೋನಿಗೆ ಬರುವಷ್ಟರಲ್ಲಿ "ಇಲ್ಲಿನ ನೀರು ಸರಿಯಿಲ್ಲ, ತಲೆಗೂದಲೆಲ್ಲ ಉದುರುತ್ತಿದೆ" ಎಂಬ ಮಾತು ಬಂದೇ ಬರುತ್ತದೆ. ನನ್ನ ಅಕ್ಕನ ಮಗಳಿಂದಲೂ ಬಂತು. ಆ ಮಾತಿನ ಬೆನ್ನು ಹಿಡಿದು ನಾನು ಅಲ್ಲಾಳಸಂದ್ರಕ್ಕೆ ಹೋದದ್ದು 2025ರ ಜನವರಿಯಲ್ಲಿ, ಸಂಕ್ರಾಂತಿಯ ರಜೆಗೆ ಇನ್ನು ಮೂರು ದಿನ ಸೇರಿಸಿಕೊಂಡು.

ಊರು ನೋಡಿ ಬರಲಿ ಎಂದು ಅಕ್ಕ ನನ್ನನ್ನು ಕಳುಹಿಸಿದ್ದಲ್ಲ. "ಅವಳನ್ನೂ ಮಗುವನ್ನೂ ಕರಕೊಂಡು ಬಾ. ನಮ್ಮ ಬಾವಿ ನೀರಿನಲ್ಲಿ ನಾಲ್ಕು ತಿಂಗಳು ಮೀಯಲಿ. ಮಗುವಿಗೆ ಡಬ್ಬದ ಹಾಲು ಶುರು ಮಾಡಿದರಾಯಿತು. ಹಾಲು ಕುಡಿಸಿ ಕುಡಿಸಿ ಅವಳ ಮೈಯಲ್ಲಿ ಏನೂ ಉಳಿದಿಲ್ಲ" ಎಂದಿದ್ದಳು. ಮಗುವಿಗೆ ಆಗ ನಾಲ್ಕೂವರೆ ತಿಂಗಳು. ಅಂದರೆ ಒಂದು ಹಿಡಿ ಕೂದಲಿನ ಲೆಕ್ಕದಲ್ಲಿ ಒಂದು ಮಗುವಿನ ಎದೆಹಾಲೂ ಒಂದು ಹೊಸ ಸಂಸಾರವೂ ಸೇರಿಹೋಗಿದ್ದವು.

ಉಪ್ಪಿನಂಗಡಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆ. ಅಲ್ಲಿಂದ ಯಲಹಂಕದ ಬಸ್ಸು. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಮೇಖ್ರಿ ಸರ್ಕಲ್, ಹೆಬ್ಬಾಳ ದಾಟಿದ ಮೇಲೆ ಬಳ್ಳಾರಿ ರಸ್ತೆ ಅಗಲವಾಗುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದಂದಿನಿಂದ ಈ ರಸ್ತೆಗೆ ಪುರುಸೊತ್ತೇ ಇಲ್ಲವಂತೆ. ಮೆಟ್ರೋ ಕೆಲಸವೂ ನಡೆದಿತ್ತು. ಎಡಕ್ಕೆ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣ, ಉದ್ದಕ್ಕೂ ಮರಗಳು. ಬಲಕ್ಕೆ ಜಕ್ಕೂರಿನ ಹಳೆಯ ವಿಮಾನ ತರಬೇತಿ ಶಾಲೆಯ ಮೈದಾನ. ಅದಾದ ಮೇಲೆ ಅಲ್ಲಾಳಸಂದ್ರ ಗೇಟ್. ಇಳಿದು ಒಳಗೆ ನಡೆದರೆ ಹೆದ್ದಾರಿಯ ಗದ್ದಲ ತಟ್ಟನೆ ಹಿಂದೆ ಉಳಿಯುತ್ತದೆ. ಹಳ್ಳಿಯ ಹಳೆಯ ಹೆಂಚಿನ ಮನೆ ಒಂದು, ಅದರ ಮಗ್ಗುಲಲ್ಲೇ ನಾಲ್ಕು ಮಹಡಿಯ ಕಟ್ಟಡ ಒಂದು.

ಅಕ್ಕನ ಮಗಳ ಮನೆ ಮೂರನೇ ಮಹಡಿಯಲ್ಲಿ. ಅವಳ ಹೆಸರು ಇಲ್ಲಿ ಬೇಡ. ಬಾಗಿಲು ತೆರೆದವಳು ಸಲಾಂ ಹೇಳಿ ಮಗುವನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಮಾತಿಲ್ಲದೆ ಬೆಡ್‌ರೂಮಿನ ಬಾಗಿಲ ಹಿಂದೆ ಮೊಳೆಯಲ್ಲಿ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲವನ್ನು ತಂದು ತೋರಿಸಿದಳು. ಚೀಲದ ತುಂಬ ಕೂದಲು.

ನಿಮಗೆ ಗೊತ್ತಲ್ಲ, ಬಾಚಿದಾಗ ಬಂದ ಕೂದಲನ್ನು ನಮ್ಮ ಹಿರಿಯರು ದಾರಿಯಲ್ಲಿ ಎಸೆಯಲು ಬಿಡುತ್ತಿರಲಿಲ್ಲ. ಉಗುರಿನ ಜೊತೆ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ಮೂರನೇ ಮಹಡಿಯಲ್ಲಿ ಮಣ್ಣೆಲ್ಲಿಂದ ಬರಬೇಕು? ಊರಿಗೆ ಹೋಗುವಾಗ ಒಯ್ಯೋಣ ಎಂದು ಕೂಡಿಟ್ಟಿದ್ದಳು. ಅದೇ ದಿನ ಕೆಳಗಿನ ಬೀದಿಯಲ್ಲಿ ಒಬ್ಬ "ತಲೆಕೂದಲಿಗೆ ಪಾತ್ರೆ" ಎಂದು ಕೂಗುತ್ತ ಹೋದ. ಹೀಗೆ ಮನೆ ಮನೆಯಿಂದ ಕೂಡಿಸಿದ ಬಾಚಣಿಗೆಯ ಕೂದಲನ್ನು ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಕಡೆಗಳಿಗೆ ಒಯ್ಯುತ್ತಾರೆ. ಅಲ್ಲಿ ಹೆಂಗಸರು ಕುಳಿತು ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ವಿಗ್‌ಗಳಿಗಾಗಿ ಅದು ಹೊರದೇಶಗಳವರೆಗೆ ಹೋಗುತ್ತದೆ. ಒಬ್ಬಳ ಕಣ್ಣೀರು ಇನ್ನೊಬ್ಬಳ ಕೂಲಿ! ನಾವಂತೂ ಮನುಷ್ಯನ ಕೂದಲನ್ನು ಮಾರುವವರಲ್ಲ. ಚೀಲ ಮೊಳೆಯಲ್ಲೇ ಉಳಿಯಿತು.

"ಚಿಕ್ಕಮ್ಮ, ಇಲ್ಲಿಗೆ ಬರುವವರೆಗೆ ಏನೂ ಇರಲಿಲ್ಲ. ಬಂದು ಹದಿನೈದು ದಿನಕ್ಕೆ ಶುರುವಾಯಿತು. ನೀರೇ ಕಾರಣ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಹೇಳಿದಳು. "ಎಲ್ಲರೂ ಹೇಳುವುದು ಒಂದೇ. ಹೇಗೂ ತಲೆ ಮುಚ್ಚಿಕೊಳ್ಳುತ್ತೀಯಲ್ಲ, ಯಾರಿಗೆ ಕಾಣುತ್ತದೆ ಅಂತ. ನನಗೆ ಕಾಣುವುದಿಲ್ಲವೇ?"

ಈ ಮಾತನ್ನು ನಾನೂ ಯಾರಿಗೋ ಹೇಳಿದ್ದೇನೆ. ನೀವೂ ಹೇಳಿರಬಹುದು. ಮುಚ್ಚಿದ ತಲೆಯ ಹೆಣ್ಣಿಗೆ ಕೂದಲಿನ ಚಿಂತೆ ಏಕೆ ಎಂದು ಕೇಳುವವರು, ಹೊರಗೆ ಮುಚ್ಚುವವಳು ಮನೆಯೊಳಗೆ ಬಿಚ್ಚುತ್ತಾಳೆ ಎಂಬುದನ್ನು ಮರೆತಿರುತ್ತಾರೆ.

ಮರುದಿನ ಬೆಳಗ್ಗೆ ಫಜ್ರ್ ಮುಗಿಸಿ, ಬಿಸಿಲು ಮೂಡಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಬ್ಬರೂ ಕೆರೆಯ ಕಡೆ ಹೋದೆವು. ಅಲ್ಲಾಳಸಂದ್ರ ಕೆರೆಗೆ ಬೇಲಿ ಹಾಕಿ ಸುತ್ತಲೂ ನಡೆದಾಡುವ ದಾರಿ ಮಾಡಿದ್ದಾರೆ. ಮಂಜಿನಲ್ಲಿ ಒಂದು ನೀರುಕಾಗೆ ರೆಕ್ಕೆ ಹರಡಿ ಕುಳಿತಿತ್ತು. ಬೊಮ್ಮಸಂದ್ರ, ಸಿಂಗಸಂದ್ರ, ಅಲ್ಲಾಳಸಂದ್ರ ಎಂದು ಬೆಂಗಳೂರಿನ ಸುತ್ತ ಇಷ್ಟೊಂದು 'ಸಂದ್ರ'ಗಳಿವೆಯಲ್ಲ, ಅದು 'ಸಮುದ್ರ'ದ ಸವೆದ ರೂಪ. ಹೊಳೆಯಿಲ್ಲದ ಈ ಬಯಲು ಸೀಮೆಯವರಿಗೆ ಕೆರೆಯೇ ಸಮುದ್ರ. ಊರಿಗೆ ಹೆಸರು ಕೊಟ್ಟದ್ದೂ ಅದೇ.

ಆದರೆ ಮನೆಯ ನಲ್ಲಿಗೆ ಬರುವುದು ಕೆರೆಯ ನೀರಲ್ಲ. ಅವರ ಕಟ್ಟಡದಲ್ಲಿ ವಾರಕ್ಕೆ ಕೆಲವು ಸಲ ಕಾವೇರಿ ನೀರು ಸಂಪಿಗೆ ಬರುತ್ತದೆ. ಉಳಿದದ್ದು ಬೋರ್‌ವೆಲ್. ಎರಡೂ ಮೇಲಿನ ಟ್ಯಾಂಕಿನಲ್ಲಿ ಬೆರೆಯುತ್ತವೆ. ಕಾವೇರಿ ನೀರು ನೂರು ಕಿಲೋಮೀಟರ್‌ನಷ್ಟು ದೂರದ ತೊರೆಕಾಡನಹಳ್ಳಿಯಿಂದ ಪಂಪಿನಲ್ಲಿ ಏರಿ ಬರುವುದು. 2024ರ ಮಾರ್ಚ್‌ನಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಜನ ಪರದಾಡಿದ್ದನ್ನು ನೀವು ಓದಿರುತ್ತೀರಿ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿಯ ಐದನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೆಂದು.

ಬೋರ್‌ವೆಲ್ ನೀರು ಗಡಸು. ಇದು ಕಟ್ಟುಕಥೆಯಲ್ಲ. ನೆಲದಾಳದ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಪ್ರಯೋಗಾಲಯಕ್ಕೆ ಹೋಗದೆ ಮನೆಯಲ್ಲೇ ಅಂದಾಜು ತಿಳಿಯಬಹುದು. ನಾವು ಹಾಗೆ ಮಾಡಿದೆವು. ಒಂದು ಬಾಟಲಿಯಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು. ಎರಡಕ್ಕೂ ಸಾಬೂನಿನ ಚೂರು ಹಾಕಿ ಕುಲುಕಿದರೆ, ಫಿಲ್ಟರ್ ನೀರಿನಲ್ಲಿ ನೊರೆ ಕತ್ತಿನವರೆಗೆ ಬಂತು. ನಲ್ಲಿಯ ನೀರು ಬೆಳ್ಳಗೆ ಕದಡಿ, ಮೇಲೆ ಕೆನೆಯಂಥ ಜಿಡ್ಡು ನಿಂತಿತು. ತಲೆಗೆ ಸಾಬೂನು ಹಚ್ಚಿದಾಗ ಕೂದಲಿನ ಮೇಲೆ ಕೂರುವುದೂ ಇದೇ ಜಿಡ್ಡು. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲಿನ ಬಾವಿಯ ಮೆದು ನೀರಿನಲ್ಲಿ ಬೆಳೆದವಳಿಗೆ ಇದು ಮೊದಲ ದಿನವೇ ಗೊತ್ತಾಗದೆ ಇರುತ್ತದೆಯೇ?

"ಕಂಡಿರಾ?" ಎಂದಳು ಗೆದ್ದವಳಂತೆ. ಅದೇ ವಾರ ಅವಳ ಗಂಡ ಫೋನಿನಲ್ಲಿ ಒಂದು ಸುದ್ದಿ ತೋರಿಸಿದ್ದ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಮುತ್ತಲ ಹಳ್ಳಿಗಳಲ್ಲಿ ಜನರ ತಲೆ ಮೂರು ನಾಲ್ಕು ದಿನಗಳಲ್ಲಿ ಬೋಳಾಗುತ್ತಿದೆ, ನೀರಿನ ಮೇಲೆ ಸಂಶಯ ಎಂದು. ಮನೆಯಲ್ಲಿ ಅಷ್ಟೇ ಸಾಕಾಗಿತ್ತು. ಪಕ್ಕದ ಮನೆಯ ಹಿರಿಯ ಖಾಲಾ ಬೇರೆ, "ಹಾಲು ಕುಡಿಸೋದು ನಿಲ್ಲಿಸಮ್ಮ, ಮಗು ಹಾಲಿನ ಜೊತೆ ತಾಯಿಯ ಕೂದಲನ್ನೂ ಎಳ್ಕೊಳ್ಳುತ್ತೆ" ಎಂದಿದ್ದರು. ಒಳ್ಳೆಯ ಹೆಂಗಸು. ನಾನಿದ್ದಷ್ಟು ದಿನ ನಮಗೆ ಅವರೆಕಾಳಿನ ಸಾರು ಕಳುಹಿಸಿದರು.

ನಾನು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು, ಅದೂ ಇತಿಹಾಸದಲ್ಲಿ. ವೈದ್ಯಕೀಯ ನನಗೆ ಗೊತ್ತಿಲ್ಲ. ಆದರೆ ಚೀಲದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ಬೆಳಕಿಗೆ ಹಿಡಿದು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಚ್ಚಿನ ಎಳೆಗಳ ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಸಣ್ಣ ಬಿಳಿ ಚುಕ್ಕೆ ಇತ್ತು. ನೀರಿನಿಂದ ತುಂಡಾದ ಕೂದಲಿಗೆ ಚುಕ್ಕೆ ಹೇಗೆ ಬರುತ್ತದೆ? "ಬೇರು ಸಮೇತ ಕಿತ್ತು ಬರುತ್ತಿದೆ, ಇನ್ನು ಅಲ್ಲಿ ಹುಟ್ಟುವುದಿಲ್ಲ" ಎಂದು ಅವಳು ಅಳಲು ಶುರು ಮಾಡಿದಳು.

ನಾನು ಬರುವ ಮೊದಲು ಅವಳ ಗಂಡ ಅವಳನ್ನು ಕೂದಲಿನ ಚಿಕಿತ್ಸೆಗೆಂದೇ ಇರುವ ಒಂದು ಕಡೆಗೆ ಕರೆದೊಯ್ದಿದ್ದ. ಅಲ್ಲಿ ಹೆರಿಗೆಯ ವಿಷಯ ಯಾರೂ ಕೇಳಲಿಲ್ಲವಂತೆ. ಕಂಪ್ಯೂಟರ್ ಪರದೆಯಲ್ಲಿ ನೆತ್ತಿಯ ಚಿತ್ರ ತೋರಿಸಿ, ಆರು ಸಲದ ಇಂಜೆಕ್ಷನ್‌ಗೆ 36,000 ರೂಪಾಯಿ, ಈ ವಾರ ಕಟ್ಟಿದರೆ ರಿಯಾಯಿತಿ ಎಂದಿದ್ದರು. ಅವನು ಸಾಲಕ್ಕೆ ಯಾರನ್ನು ಕೇಳುವುದೆಂದು ಯೋಚಿಸುತ್ತಿದ್ದ. ನಾನು ತಡೆದೆ. ಮೊದಲು ಚರ್ಮರೋಗದ ವೈದ್ಯರಿಗೆ ತೋರಿಸೋಣ, ತಲೆಗೂದಲು ಅವರ ವಿಷಯವೇ ಅಲ್ಲವೇ ಎಂದೆ. ಯಲಹಂಕದ ಕಡೆ ಒಬ್ಬ ವೈದ್ಯೆ ಸಿಕ್ಕಿದರು. (ವೈದ್ಯೆ ಸಿಗದಿದ್ದರೆ ಚಿಕಿತ್ಸೆಯ ಅಗತ್ಯಕ್ಕೆ ವೈದ್ಯರ ಮುಂದೆ ತಲೆ ತೋರಿಸಲು ಅನುಮತಿಯಿದೆ. ಸಂಕೋಚದಿಂದ ವರ್ಷಗಟ್ಟಲೆ ಮುಚ್ಚಿಟ್ಟು ರೋಗ ಬೆಳೆಸಿಕೊಂಡವರನ್ನು ನಾನು ನೋಡಿದ್ದೇನೆ.)

ಆ ವೈದ್ಯೆ ಕೇಳಿದ ಮೊದಲ ಪ್ರಶ್ನೆ ನೀರಿನದ್ದಲ್ಲ. "ಹೆರಿಗೆ ಯಾವಾಗ ಆಯ್ತು?"

"ಆಗಸ್ಟ್ ಕೊನೆಗೆ."

"ಕೂದಲು ಉದುರೋಕೆ ಶುರುವಾದದ್ದು?"

"ಡಿಸೆಂಬರ್ ಮಧ್ಯದಲ್ಲಿ. ನವೆಂಬರ್ ಕೊನೆಗೆ ಬೆಂಗಳೂರಿಗೆ ಬಂದದ್ದು."

ಅವರು ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿದರು. ಕೂದಲಿನ ಲೆಕ್ಕ ಇವತ್ತಿನದ್ದಲ್ಲ, ಮೂರು ತಿಂಗಳ ಹಿಂದಿನದು ಎಂದರು. ನಾನು ಅರ್ಥ ಮಾಡಿಕೊಂಡಷ್ಟನ್ನು ನಿಮಗೆ ಹೇಳುತ್ತೇನೆ. ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲಿರುತ್ತವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಒಂದು ಸೆಂಟಿಮೀಟರ್‌ನಂತೆ. ಆಮೇಲೆ ಬೆಳವಣಿಗೆ ನಿಲ್ಲಿಸಿ ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಹಾಗಾಗಿ ದಿನಕ್ಕೆ ಐವತ್ತರಿಂದ ನೂರು ಎಳೆ ಬೀಳುವುದು ರೋಗವಲ್ಲ. ದಿನ ಬಿಟ್ಟು ದಿನ ಬಾಚುವವರಿಗೆ ಎರಡು ದಿನದ್ದು ಒಟ್ಟಿಗೆ ಕಾಣುತ್ತದೆ.

ಗರ್ಭಿಣಿಯಾಗಿದ್ದಾಗ ಈಸ್ಟ್ರೋಜನ್ ಎಂಬ ಹಾರ್ಮೋನು ಏರಿ, ಉದುರಬೇಕಾದ ಕೂದಲೂ ತಲೆಯಲ್ಲೇ ನಿಲ್ಲುತ್ತದೆ. ಬಸುರಿಯರ ಜಡೆ ದಪ್ಪಗಾಗುವುದು ಅದಕ್ಕೇ. ಹೆರಿಗೆಯಾದೊಡನೆ ಹಾರ್ಮೋನು ಇಳಿಯುತ್ತದೆ, ತಡೆದಿಟ್ಟ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಎರಡರಿಂದ ನಾಲ್ಕು ತಿಂಗಳು ಕಳೆದ ಮೇಲೆ ಒಟ್ಟಿಗೇ ಬೀಳುತ್ತದೆ. ಅಷ್ಟು ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ತಾಯಿಮನೆಯ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದಿರುತ್ತಾರೆ. ಊರೂ ಹೊಸದು, ನೀರೂ ಹೊಸದು. ತಪ್ಪು ನೀರಿನ ತಲೆಗೆ! ಆ ಬಿಳಿ ಚುಕ್ಕೆಯೂ ಬೇರಲ್ಲವಂತೆ. ವಿಶ್ರಾಂತಿ ಮುಗಿಸಿ ತಾನಾಗಿ ಕಳಚಿದ ಕೂದಲಿನ ತುದಿ ಅದು. ಬೇರು ಚರ್ಮದೊಳಗೆ ಕ್ಷೇಮವಾಗಿರುತ್ತದೆ. ಚುಕ್ಕೆಯಿಲ್ಲದೆ, ಗಿಡ್ಡ ಗಿಡ್ಡವಾಗಿ ತುಂಡಾಗಿ ಬಂದದ್ದನ್ನಷ್ಟೇ ನೀರು, ಬಾಚಣಿಗೆ, ಇಸ್ತ್ರಿ ಯಂತ್ರದ ಲೆಕ್ಕಕ್ಕೆ ಬರೆಯಬೇಕು.

ಇದನ್ನು ಕೇಳುವಾಗ ನನಗೆ ನನ್ನ ತಾಯಿಯ ಮಾತು ನೆನಪಾಯಿತು. ಮಗು ತಾಯಿಯ ಮುಖ ನೋಡಿ ನಗಲು ಕಲಿತಾಗ ತಾಯಿಯ ಕೂದಲು ಉದುರುತ್ತದೆ ಎನ್ನುತ್ತಿದ್ದರು. ನಗುವಿಗೂ ಕೂದಲಿಗೂ ಸಂಬಂಧವಿಲ್ಲ, ಆದರೆ ತಿಂಗಳ ಲೆಕ್ಕ ಹತ್ತಿರ ಹತ್ತಿರ ಸರಿಯಿದೆ ನೋಡಿ. ಓದು ಬರಹ ಬಾರದ ಆ ಹೆಂಗಸಿಗೆ ಇದು ಬಂದು ಹೋಗುವ ಸಂಗತಿ ಎಂದು ಗೊತ್ತಿತ್ತು.

ಹಾಲು ನಿಲ್ಲಿಸಬೇಕೇ ಎಂದು ಅಕ್ಕನ ಮಗಳು ಕೇಳಿದಾಗ ವೈದ್ಯೆ ಮುಖ ಗಂಟಿಕ್ಕಿದರು. ಎದೆಹಾಲು ಕುಡಿಸದ ತಾಯಂದಿರಿಗೂ ಹೀಗೆಯೇ ಉದುರುತ್ತದೆ, ಹಾಲು ನಿಲ್ಲಿಸಿದರೆ ಕೂದಲು ನಿಲ್ಲುವುದಿಲ್ಲ, ಮಗುವಿಗೆ ಸಿಗಬೇಕಾದ್ದು ಮಾತ್ರ ತಪ್ಪುತ್ತದೆ ಎಂದರು. ಕುರ್‌ಆನ್ ಹೇಳಿದ ಪೂರ್ತಿ ಎರಡು ವರ್ಷದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ವೈದ್ಯೆಯ ಮಾತೇ ಸಾಕಾಯಿತು.

ಅಲ್ಲಿಗೆ ಮುಗಿಯಲಿಲ್ಲ. ಅವರು ಅವಳ ಕೂದಲಿನ ಒಂದು ಸಣ್ಣ ಎಸಳನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿದರು. ಆಮೇಲೆ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರು. ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 8.9 ಬಂತು. ಹೆಂಗಸರಿಗೆ 12 ಇರಬೇಕು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ತಳ ಮುಟ್ಟಿತ್ತು. ಥೈರಾಯ್ಡ್ ಸರಿಯಿತ್ತು. ಹೆರಿಗೆಯಲ್ಲಿ ರಕ್ತ ತುಂಬ ಹೋಗಿತ್ತು, ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ತಿಂಗಳಿಗೇ ಬಿಟ್ಟಿದ್ದಳು. ದಿನಕ್ಕೆ ನಾಲ್ಕು ಸಲ ಚಹಾ, ಅದೂ ಊಟದ ಬೆನ್ನಿಗೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದುದನ್ನು ಮೂರನೇ ಮಹಡಿಯ ತಪ್ಪು ಎಂದುಕೊಂಡಿದ್ದಳು.

ಸಹೋದರಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಕಂಡಿತ್ತು. ಅಂದರೆ ನಿಮ್ಮ ಮನೆಯಲ್ಲಿ ನಾಲ್ಕು ಹೆಂಗಸರಿದ್ದರೆ ಇಬ್ಬರ ಹತ್ತಿರ. ಕೂದಲು ಉದುರಿದ್ದು ಒಳ್ಳೆಯದಾಯಿತು ಎಂದು ಹೇಳಲಾರೆ. ಆದರೆ ಕೂದಲು ಉದುರದಿದ್ದರೆ ಆ 8.9 ಯಾರ ಗಮನಕ್ಕೂ ಬರುತ್ತಿರಲಿಲ್ಲ. ಎಂಟು ಒಂಬತ್ತರ ರಕ್ತದಲ್ಲಿ ಅಡುಗೆ, ಬಟ್ಟೆ, ರಾತ್ರಿಯ ನಿದ್ದೆಗೆಟ್ಟ ಹಾಲು ಎಲ್ಲವನ್ನೂ ಮಾಡಿಕೊಂಡು ಹೋಗುವುದು ನಮ್ಮ ಹೆಂಗಸರಿಗೆ ಅಭ್ಯಾಸವಾಗಿಬಿಟ್ಟಿದೆ.

ಚೀಟಿಯಲ್ಲಿ ಬರೆದದ್ದು ಕಬ್ಬಿಣದ ಮಾತ್ರೆ ಮಾತ್ರ. ನಿಂಬೆ ನೀರಿನ ಜೊತೆ ನುಂಗಬೇಕು, ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆಯಿಂದ ದೂರವಿಡಬೇಕು, ಮಲ ಕಪ್ಪಾಗುವುದಕ್ಕೆ ಹೆದರಬಾರದು, ರಕ್ತ ಸರಿಯಾದ ಮೇಲೂ ಮೂರು ತಿಂಗಳು ಬಿಡಬಾರದು. ಮಾತ್ರೆಯ ಡಬ್ಬ ಮಗುವಿನ ಕೈಗೆ ಸಿಗದಂತಿರಲಿ, ಚಿಕ್ಕ ಮಕ್ಕಳಿಗೆ ಅದು ವಿಷ ಎಂದೂ ಎಚ್ಚರಿಸಿದರು. ಕೂದಲಿಗೆ ಏನೂ ಇಲ್ಲವೇ ಎಂದು ಅವಳು ಎರಡು ಸಲ ಕೇಳಿದಳು. ಇದೇ ಕೂದಲಿನದ್ದು ಎಂದರು. ಬೀದಿಯಲ್ಲಿ ಸಿಗುವ ಬಯೋಟಿನ್ ಮಾತ್ರೆ ಬೇಡ, ಕೊರತೆಯಿಲ್ಲದವರಿಗೆ ಅದರಿಂದ ಲಾಭ ಕಂಡಿಲ್ಲ, ಮೇಲಾಗಿ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಅದು ತಪ್ಪಿಸಬಹುದು ಎಂದರು. ಅಮೆರಿಕದ ಔಷಧ ಇಲಾಖೆ ಈ ಬಗ್ಗೆ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ.

ರಾಗಿ ತಿಂದರೆ ಸಾಕೇ ಎಂದು ನಾನು ಕೇಳಿದೆ, ರಾಗಿಯ ತಳಿ ಬೆಳೆಸುವ ಜಿಕೆವಿಕೆ ಪಕ್ಕದಲ್ಲೇ ಇರುವಾಗ! ರಾಗಿ ಒಳ್ಳೆಯದೇ, ಆದರೆ ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ. 100 ಗ್ರಾಂನಲ್ಲಿ 360 ಮಿಲಿಗ್ರಾಂ ಆಸುಪಾಸು. ಕಬ್ಬಿಣ ನಾಲ್ಕೈದು ಮಿಲಿಗ್ರಾಂ ಮಾತ್ರ. ಮಾಂಸ, ಲಿವರ್, ಮೊಟ್ಟೆ, ಕಾಳು, ಸೊಪ್ಪು ಎಲ್ಲ ಬೇಕು. ಇದಕ್ಕೊಂದು ತಮಾಷೆಯ ಬಾಲವಿದೆ. ನಾನು ಊರಿಗೆ ಮರಳಿದ ವಾರವೇ ಯಲಹಂಕ ವಾಯುನೆಲೆಯ ವಿಮಾನ ಪ್ರದರ್ಶನಕ್ಕಾಗಿ ಆಗಿನ ಬಿಬಿಎಂಪಿ, ಜನವರಿ 23ರಿಂದ ಫೆಬ್ರವರಿ 17ರವರೆಗೆ ಸುತ್ತ 13 ಕಿಲೋಮೀಟರ್‌ನಲ್ಲಿ ಮಾಂಸದಂಗಡಿಗಳನ್ನು ಮುಚ್ಚಿಸಿತು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದಲ್ಲ. "ಡಾಕ್ಟರ್ ಲಿವರ್ ತಿನ್ನು ಅಂದರು, ವಿಮಾನ ತಿನ್ನಬೇಡ ಅಂತಿದೆ ಚಿಕ್ಕಮ್ಮ" ಎಂದು ಫೋನ್ ಮಾಡಿದಳು. ತಿಂಗಳ ನಂತರ ಮೊದಲ ಬಾರಿ ಅವಳ ನಗು ಕೇಳಿದೆ. ಗಂಡ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ತಂದುಕೊಟ್ಟನಂತೆ.

ಕ್ಲಿನಿಕ್‌ನಲ್ಲಿ ಸರದಿಗೆ ಕಾಯುವಾಗ ಎರಡು ಗಂಟೆ ಕುಳಿತೆವು. ಎಲ್ಲರ ಕೂದಲ ಕಥೆ ಒಂದೇ ಅಲ್ಲ ಎಂದು ಅಲ್ಲಿ ತಿಳಿಯಿತು. ಐವತ್ತು ದಾಟಿದ ಒಬ್ಬರ ಬೈತಲೆ ವರ್ಷ ವರ್ಷ ಅಗಲವಾಗುತ್ತಿತ್ತು. ಅದು ವಂಶದಿಂದ, ಹಾರ್ಮೋನಿನಿಂದ ಬರುವುದು, ತಾನಾಗಿ ನಿಲ್ಲುವುದಿಲ್ಲ. ಅವರಿಗೆ ಮಿನಾಕ್ಸಿಡಿಲ್ ಎಂಬ ದ್ರಾವಣ ಕೊಟ್ಟಿದ್ದರು. ಮೊದಲು ರಕ್ತದೊತ್ತಡಕ್ಕೆಂದು ಬಂದ ಔಷಧ ಅದು. ರೋಗಿಗಳಿಗೆ ಕೂದಲು ಬೆಳೆದದ್ದನ್ನು ನೋಡಿ ಇದಕ್ಕೂ ಬಳಸಲು ಶುರು ಮಾಡಿದರು. ಹಚ್ಚಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರುತ್ತದೆ, ಹೆದರಿ ಬಿಡುವವರೇ ಹೆಚ್ಚಂತೆ. ಫಲ ತಿಳಿಯಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಗಳಿಸಿದ್ದು ಹೋಗುತ್ತದೆ. ವುಝೂವಿಗೆ ತೊಂದರೆಯಾಗದೇ ಎಂದು ನಾನೇ ಅವರನ್ನು ಕೇಳಿದೆ. ಇಶಾ ನಮಾಝ್ ಮುಗಿಸಿ, ಮಲಗುವ ಎರಡು ಗಂಟೆ ಮೊದಲು ಹಚ್ಚಿದರೆ ಒಣಗುತ್ತದೆ, ಫಜ್ರ್‌ವರೆಗೆ ಕೆಲಸ ಮಾಡುತ್ತದೆ ಎಂದರು. ಗರ್ಭಿಣಿಯರು, ಹಾಲುಣಿಸುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಗಂಡಸರಿಗೆ ಬರೆಯುವ ಫಿನಾಸ್ಟರೈಡ್ ಮಾತ್ರೆ ಗರ್ಭದ ಗಂಡು ಶಿಶುವಿಗೆ ಅಪಾಯಕಾರಿ. ಗಂಡನ ಡಬ್ಬದಿಂದ ತೆಗೆದು ನುಂಗುವ ಸಾಹಸ ಬೇಡವೇ ಬೇಡ.

ಏಳೆಂಟರ ಹುಡುಗನೊಬ್ಬನ ತಲೆಯಲ್ಲಿ ಹೊಪ್ಪಳೆ ಎದ್ದ ಬೋಳು ತೇಪೆಗಳಿದ್ದವು. ಹುಳುಕಡ್ಡಿ, ಅಂದರೆ ಶಿಲೀಂಧ್ರ. ಮೇಲೆ ಮುಲಾಮು ಹಚ್ಚಿದರೆ ಹೋಗದು, ವಾರಗಟ್ಟಲೆ ಮಾತ್ರೆ ಬೇಕು. ಒಂದೇ ಟೋಪಿ, ಒಂದೇ ಬಾಚಣಿಗೆಯಿಂದ ಹರಡುತ್ತದೆ. ಮದ್ರಸದ ಮಕ್ಕಳ ತಾಯಂದಿರು ಇದನ್ನು ಗಮನಿಸಿ. ನಾಣ್ಯದಂತೆ ನುಣ್ಣಗೆ ಬೋಳಾದ ತೇಪೆ ಬೇರೆಯೇ ರೋಗ. ಮೈಯ ರಕ್ಷಣಾ ಶಕ್ತಿಯೇ ಕೂದಲಿನ ಬುಡವನ್ನು ಶತ್ರುವೆಂದು ತಿಳಿಯುವುದು. ಅದಕ್ಕೆ ತೇಪೆಯಲ್ಲೇ ಸ್ಟಿರಾಯ್ಡ್ ಚುಚ್ಚುತ್ತಾರೆ, ತೀವ್ರವಾದವರಿಗೆ ಈಚೆಗೆ ಹೊಸ ಮಾತ್ರೆಗಳೂ ಬಂದಿವೆ.

ಇನ್ನೊಬ್ಬಳು ಕಾಲೇಜು ಹುಡುಗಿ. ಹಣೆಯ ಅಂಚು, ಕಿವಿಯ ಮೇಲ್ಭಾಗ ತೆಳ್ಳಗಾಗಿತ್ತು. ಸ್ಕಾರ್ಫ್ ಅಚ್ಚುಕಟ್ಟಾಗಿ ನಿಲ್ಲಲೆಂದು ಕೂದಲನ್ನು ಬಿಗಿಯಾಗಿ ಎಳೆದು ತುರುಬು ಕಟ್ಟಿ, ಒದ್ದೆಯಿರುವಾಗಲೇ ಮುಚ್ಚುತ್ತಿದ್ದಳು. ಸ್ಕಾರ್ಫಿನದ್ದು ತಪ್ಪಲ್ಲ, ಎಳೆತದ್ದು ತಪ್ಪು. ಸಡಿಲ ಜಡೆ, ಹತ್ತಿಯ ಒಳಟೋಪಿ, ತಲೆ ಒಣಗುವಷ್ಟು ಸಮಯ ಇಷ್ಟರಿಂದಲೇ ಸರಿಯಾಗುತ್ತದೆ. ವರ್ಷಗಟ್ಟಲೆ ಎಳೆದರೆ ಮಾತ್ರ ಬುಡವೇ ಸತ್ತುಹೋಗುತ್ತದೆ.

ಎಣ್ಣೆಯ ಮಾತು ಬಿಡುವಂತಿಲ್ಲ. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಈಚಿನ ವರ್ಷಗಳಲ್ಲಿ ದೇಶವಿಡೀ ಹೆಸರಾಗಿದೆ. ಎಣ್ಣೆಯಿಂದ ಕೂದಲು ಮೃದುವಾಗುತ್ತದೆ, ಸಿಕ್ಕು, ತುಂಡಾಗುವುದು ಕಡಿಮೆಯಾಗುತ್ತದೆ. ಬೋಳಾದಲ್ಲಿ ಕೂದಲು ಹುಟ್ಟಿಸುತ್ತದೆ ಎಂಬ ಮಾತಿಗೆ ಯಾವ ಎಣ್ಣೆಯಲ್ಲೂ ಗಟ್ಟಿ ಪುರಾವೆಯಿಲ್ಲ. ನಮ್ಮ ದೇಶದ ಔಷಧ ನಿಯಮಗಳಲ್ಲಿ, ಗುಣಪಡಿಸುತ್ತೇವೆಂದು ಔಷಧದವರು ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯೊಂದಿದೆ. ಬೋಳುತಲೆ ಅದರಲ್ಲಿದೆ. ಇನ್ನು ಕೂದಲು ನಾಟಿಯ ವಿಷಯ. ಬೇರೆಯವರ ಕೂದಲು ಜೋಡಿಸುವುದನ್ನು ಪ್ರವಾದಿ(ಸ) ನಿಷೇಧಿಸಿದ್ದು ನಿಮಗೆ ಗೊತ್ತು. ತನ್ನದೇ ಕೂದಲನ್ನು ತಲೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಡುವುದನ್ನು ಚಿಕಿತ್ಸೆಯೆಂದು ಅನೇಕ ಉಲಮಾಗಳು ಅನುಮತಿಸಿದ್ದಾರೆ. ಆದರೆ ಬಾಣಂತಿಯ ಉದುರುವಿಕೆಗೆ ಅದರ ಅಗತ್ಯವೇ ಇಲ್ಲ. ದುಡ್ಡು ಕಡಿಮೆಯಿದ್ದವರಿಗೆ ಬೌರಿಂಗ್, ವಿಕ್ಟೋರಿಯಾದಂಥ ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ನೀರಿಗೆ ಏನು ಮಾಡಿದಿರಿ ಎಂದು ಕೇಳುತ್ತೀರಾ? ತಲೆಗೆ ಸಾಬೂನು ಬಿಡಿಸಿದೆ. ಶಾಂಪೂವಿಗೆ ಗಡಸು ನೀರಿನಲ್ಲಿ ಜಿಡ್ಡು ಕಟ್ಟುವುದಿಲ್ಲ. ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹುಯ್ದುಕೊಳ್ಳಲು ಹೇಳಿದೆ. ನಲ್ಲಿಗೆ ಸಿಕ್ಕಿಸುವ ಸಣ್ಣ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಗಡಸುತನ ತೆಗೆಯುವುದಿಲ್ಲ. ಅದಕ್ಕೆ ಉಪ್ಪು ಹಾಕಿ ನಡೆಸುವ ದೊಡ್ಡ ಯಂತ್ರ ಬೇಕು. ಗಡಸು ನೀರು ಕೂದಲಿನ ಬಲ ಕುಗ್ಗಿಸುತ್ತದೆ ಎಂದು 2018ರಲ್ಲಿ ಪಾಕಿಸ್ತಾನದ ವೈದ್ಯರು ಪ್ರಕಟಿಸಿದರು, ವ್ಯತ್ಯಾಸ ಕಾಣಲಿಲ್ಲ ಎಂದು ಅದಕ್ಕೆ ಮೊದಲು ನೋಡಿದವರೂ ಇದ್ದಾರೆ. ಎರಡೂ ಕಡೆಯವರು ಪರೀಕ್ಷಿಸಿದ್ದು ಎಳೆಯನ್ನು, ಬುಡವನ್ನಲ್ಲ. ಬುಲ್ಢಾಣಾದಲ್ಲೂ ಅಷ್ಟೇ. ಮುಂದಿನ ತಿಂಗಳು ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪರೀಕ್ಷಿಸಿದಾಗ ಸಂಶಯ ನೀರಿನಿಂದ ರೇಷನ್ ಗೋಧಿಗೆ ಹೊರಳಿತು. ಅದರಲ್ಲಿ ಸೆಲೆನಿಯಂ ಎಂಬ ಧಾತು ವಿಪರೀತ ಇತ್ತು.

ಅವಳು ನನ್ನ ಜೊತೆ ಊರಿಗೆ ಬರಲಿಲ್ಲ. ಬರಿಗೈಯಲ್ಲಿ ಬಂದ ನನ್ನನ್ನು ಅಕ್ಕ ಎರಡು ದಿನ ಮಾತನಾಡಿಸಲಿಲ್ಲ. ಫೆಬ್ರವರಿಯಲ್ಲಿ ಇನ್ನಷ್ಟು ಉದುರಿತು, ಆಗ ನನಗೂ ಭಯವಾಯಿತು ಎಂದು ಒಪ್ಪಿಕೊಳ್ಳಬೇಕು. ಏಪ್ರಿಲ್ ಹೊತ್ತಿಗೆ ಕಡಿಮೆಯಾಯಿತು. ಮೇ ತಿಂಗಳ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.8.

ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಮತ್ತೆ ಹೋಗಿದ್ದೆ, ಈ ಸಲ ಅಕ್ಕನೂ ಜೊತೆಗಿದ್ದಳು. ಮಗು ಗೋಡೆ ಹಿಡಿದು ನಡೆಯುತ್ತಿತ್ತು, ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ಅಕ್ಕನ ಮಗಳು ಬಾಗಿಲು ಹಾಕಿ ಸ್ಕಾರ್ಫ್ ತೆಗೆದಾಗ ಹಣೆಯ ಅಂಚಿನಲ್ಲಿ ಬೆರಳುದ್ದದ ಕೂದಲು ಸೆಟೆದು ನಿಂತಿತ್ತು, ಎಣ್ಣೆ ಹಚ್ಚಿದರೂ ಮಲಗದಂತೆ. "ಇದು ಸ್ಕಾರ್ಫ್ ಹಾಕಿದರೆ ಚುಚ್ಚುತ್ತದೆ ಚಿಕ್ಕಮ್ಮ" ಎಂದು ದೂರಿದಳು. ಜಡೆ ಮೊದಲಿನಷ್ಟು ದಪ್ಪವಿಲ್ಲ. ಅದಕ್ಕೆ ಇನ್ನೂ ಸಮಯ ಬೇಕು, ತಿಂಗಳಿಗೆ ಒಂದು ಸೆಂಟಿಮೀಟರ್ ತಾನೇ. ಬಾಲ್ಕನಿಯಲ್ಲಿ ಎರಡು ಕುಂಡ ತಂದಿಟ್ಟು ಕರಿಬೇವು ನೆಟ್ಟಿದ್ದಳು. ಬಾಚಣಿಗೆಗೆ ಬಂದದ್ದನ್ನು ಈಗ ಅದರ ಬುಡದಲ್ಲೇ ಹೂಳುತ್ತಾಳಂತೆ. ಬಾಗಿಲ ಹಿಂದಿನ ಮೊಳೆಯಲ್ಲಿ ಮಗುವಿನ ಟೋಪಿ ತೂಗುತ್ತಿತ್ತು.